ಬೋರ್ ಫೇಲಾದರೆ ಊರಿಗೆಲ್ಲ ಹೇಳ್ತೀವಿ, ಮಗ ಫೇಲಾದರೆ?

ಮಂಡ್ಯ ಅಂದ ಕೂಡಲೇ ಎಲ್ಲರಿಗೂ ನಾಲೆ, ಗದ್ದೆ, ಕಬ್ಬು ಕಣ್ಣಮುಂದೆ ಬರುತ್ತೆ. ನಮ್ಮ ನಾಗಮಂಗಲದ ಕಡೆ ಬಹಳ ಊರುಗಳಿಗೆ ಆ ಭಾಗ್ಯ ಇಲ್ಲ. ಮಳೆ ಬಂದರೆ ರಾಗಿ, ಇಲ್ಲದಿದ್ದರೆ ಬೋರ್‌ವೆಲ್ಲೇ ಗತಿ.

2005ರ ಮಾರ್ಚ್‌ನಲ್ಲಿ ಅಪ್ಪ ಬೋರ್ ಕೊರೆಸಿದರು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಹೊಲವೆಲ್ಲ ನಡೆದು ಪಾಯಿಂಟ್ ತೋರಿಸಿದರು. ಅವ್ವ ಅಲ್ಲಿ ಕಲ್ಲಿಟ್ಟು, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದರು. ಸಂಜೆ ಲಾರಿ ಬಂತು. ರಾತ್ರಿಯೆಲ್ಲ ಕೊರೆಯಿತು. 200 ಅಡಿಗೆ ಬರೀ ಬಿಳಿ ಧೂಳು. 300ಕ್ಕೆ ಒಂಚೂರು ತೇವ ಕಂಡಿತು, ಕೂತಿದ್ದವರೆಲ್ಲ ಎದ್ದು ನಿಂತರು. ಆಮೇಲೆ ಮತ್ತೆ ಧೂಳು. 480 ಅಡಿಗೆ ಅಪ್ಪ "ಸಾಕು, ನಿಲ್ಸಿ" ಅಂದರು. ಪಕ್ಕದ ಹಲಸಿನ ಎಲೆಗಳ ಮೇಲೆಲ್ಲ ಬಿಳಿ ಪುಡಿ ಕೂತಿತ್ತು. ಅಪ್ಪನ ರೆಪ್ಪೆ ಮೇಲೂ.

ಬೆಳಗ್ಗೆ ಅಪ್ಪ ಕೇಸಿಂಗ್ ಪೈಪಿನ ಬಾಯಿಗೆ ಚಪ್ಪಡಿ ಮುಚ್ಚಿ, ಅರಳಿಕಟ್ಟೆ ಹತ್ತಿರದ ಟೀ ಅಂಗಡಿಗೆ ಹೋದರು. "ಫೇಲಾಯ್ತು ಕಣ್ರಪ್ಪ" ಅಂದರು. ಎಷ್ಟಡಿಗೆ ನಿಲ್ಸಿದ್ರಿ, ಕೇಸಿಂಗ್ ಎಷ್ಟು ಇಳೀತು, ಮೂಡ್ಲ ಕಡೆ ನೋಡಿಸಬೇಕಿತ್ತು ಅಂತ ಮಾತು ಶುರುವಾಯಿತು. "ನಮ್ದು ಮೂರು ಫೇಲು, ನಾಲ್ಕನೇದ್ರಲ್ಲಿ ಒಂದೂವರೆ ಇಂಚು ಬಂತು" ಅಂದರು ಒಬ್ಬರು. ಟೀ ದುಡ್ಡನ್ನೂ ಅವರೇ ಕೊಟ್ಟರು. ಅಪ್ಪನಿಗೆ ಸಾಲವಾಗಿತ್ತು, ಸಂಕಟವಿತ್ತು. ಆದರೆ ತಲೆ ತಗ್ಗಿಸಿ ಕೂರಲಿಲ್ಲ.

ಅದೇ ಮೇನಲ್ಲಿ ನನ್ನ ಸೆಕೆಂಡ್ ಪಿಯುಸಿ ರಿಸಲ್ಟ್ ಬಂತು. ಮಂಡ್ಯಕ್ಕೆ ಹೋಗಿ ಇಂಟರ್ನೆಟ್ ಸೆಂಟರಿನಲ್ಲಿ ನೋಡಿದೆ. ಗಣಿತದಲ್ಲಿ 27. ಪಾಸಾಗಲು 35 ಬೇಕಿತ್ತು. ಉಳಿದ ಐದೂ ಪಾಸಾಗಿದ್ದವು. ಆದರೂ ಕೆಳಗಡೆ ಇದ್ದದ್ದು ಒಂದೇ ಪದ, ಫೇಲ್.

ಸಂಜೆ ಮೈಸೂರಿನಿಂದ ಸೋದರತ್ತೆ ಫೋನ್ ಮಾಡಿದರು. ನಾನು ನಡುಮನೆ ಬಾಗಿಲ ಹಿಂದೆ ನಿಂತಿದ್ದೆ. "ಇನ್ನೂ ನೋಡ್ಕಂಡು ಬಂದಿಲ್ಲ ಕಣಕ್ಕ" ಅಂದರು ಅಪ್ಪ.

ಅಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನನ್ನನ್ನು ಕಾಪಾಡೋಕೆ ಹೇಳಿದ್ದು, ಅದು ನನಗೆ ಗೊತ್ತು. ಆದರೆ ಇದು ಮುಚ್ಚಿಡಬೇಕಾದ ವಿಷಯ ಅಂತ ಅವತ್ತು ಮನಸ್ಸಿಗೆ ಇಳಿದುಬಿಟ್ಟಿತು. ಬೋರ್ ಫೇಲಾದಾಗ ಎಷ್ಟಡಿ ಅಂತ ಕೇಳಿದ ಊರಲ್ಲಿ, ಯಾವ ಲೆಕ್ಕ ತಪ್ಪಿತು ಅಂತ ನನ್ನನ್ನು ಕೇಳುವವರೇ ಇರಲಿಲ್ಲ. ಕೇಳೋಕೆ ನಾವು ಬಿಟ್ಟಿದ್ದರೆ ತಾನೆ? ಒಂದು ತಿಂಗಳು ಅರಳಿಕಟ್ಟೆ ದಾರಿಯಲ್ಲೇ ಓಡಾಡಲಿಲ್ಲ, ಹಿತ್ತಲಿನಿಂದ ಹೊಲದ ಬದು ಹಿಡಿದು ಹೋಗುತ್ತಿದ್ದೆ.

ಸಪ್ಲಿಮೆಂಟರಿಯಲ್ಲಿ 41 ಬಂತು, ಪಾಸಾದೆ. ಭಯ ಮಾತ್ರ ಹೋಗಲಿಲ್ಲ. ಮುಂದೆ ಎರಡು ಒಳ್ಳೆಯ ಕೆಲಸಗಳ ಇಂಟರ್‌ವ್ಯೂಗೆ ಕರೆ ಬಂದರೂ ಹೋಗಲಿಲ್ಲ. ಸಿಗದಿದ್ದರೆ ಮನೆಯಲ್ಲಿ ಹೇಳಬೇಕಲ್ಲ ಅನ್ನೋದೊಂದೇ ಕಾರಣ. ಸೋತದ್ದರಿಂದ ನಾನು ಕಳೆದುಕೊಂಡಿದ್ದು ಒಂದು ಬೇಸಿಗೆ. ಮುಚ್ಚಿಟ್ಟಿದ್ದರಿಂದ ಕಳೆದುಕೊಂಡಿದ್ದು ಅದಕ್ಕಿಂತ ಬಹಳ ಜಾಸ್ತಿ.

ಮೈಸೂರಿನ ಯಾದವಗಿರಿಯಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಅವರೂ ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿದ್ದವರು. ತಂದೆ ಹೆಡ್‌ಮಾಸ್ಟರ್ ಬೇರೆ! ಇಂಥ ಕತೆ ಹೇಳಿ, ನೋಡು ಅವರು ಎಷ್ಟು ದೊಡ್ಡವರಾದರು ಅಂತ ಮಕ್ಕಳಿಗೆ ಧೈರ್ಯ ತುಂಬುತ್ತೇವೆ. ನನಗೆ ಅದರಿಂದ ಯಾವತ್ತೂ ಧೈರ್ಯ ಬರಲಿಲ್ಲ. ಎಲ್ಲರೂ ನಾರಾಯಣ್ ಆಗೋಕಾಗುತ್ತಾ? ನನಗೆ ಹಿಡಿಸುವುದು ಅವರ ಆ ಒಂದು ವರ್ಷ. ಪರೀಕ್ಷೆ ಹೋದ ಮೇಲೆ ಮನೆಯಲ್ಲೇ ಇದ್ದು, ಓದಿಕೊಂಡು, ಬರೆದುಕೊಂಡು ಕಳೆದ ವರ್ಷ. ಆಮೇಲೆ ಪಾಸಾಗಿ ಮಹಾರಾಜ ಕಾಲೇಜು ಸೇರಿದರು. ಹಾಗೆ ಕೂತು ಓದಿಕೊಳ್ಳಲು ಒಂದು ಜಾಗ, ಒಂದಿಷ್ಟು ಸಮಯ ಎಷ್ಟು ಮಕ್ಕಳಿಗೆ ಸಿಗುತ್ತೆ ಹೇಳಿ.

2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ವರ್ಷಕ್ಕೆ ಮೂರು ಪರೀಕ್ಷೆ ಬಂದವು. ಸಪ್ಲಿಮೆಂಟರಿ ಅನ್ನೋ ಹೆಸರೇ ಹೋಗಿ ಪರೀಕ್ಷೆ-1, 2, 3 ಅಂತಾಯಿತು. ಯಾವುದರಲ್ಲಿ ಜಾಸ್ತಿ ಬಂದಿದೆಯೋ ಆ ಅಂಕವನ್ನು ಉಳಿಸಿಕೊಳ್ಳಬಹುದು. ಇದರ ಬಗ್ಗೆ ತಕರಾರು ಇರುವ ಮೇಷ್ಟ್ರುಗಳು ಇದ್ದಾರೆ. ನನಗಂತೂ ತುಂಬಾ ಸಂತೋಷವಾಯಿತು. ಆದರೆ ಬಾಗಿಲ ಹಿಂದೆ ನಿಂತಿರುವ ಮಗುವಿನ ಬಳಿಗೆ ಸರ್ಕಾರದ ಆದೇಶ ಹೋಗಲ್ಲ, ನಾವೇ ಹೋಗಬೇಕು. ರಿಸಲ್ಟ್ ದಿನ ಮಗು ತೀರಾ ಮಂಕಾಗಿದ್ದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಈ ಸಲ ಮೈಸೂರಲ್ಲಿರುವ ನನ್ನ ತಂಗಿ ಮಗನಿಗೆ ಪರೀಕ್ಷೆ-1ರಲ್ಲಿ ಫಿಸಿಕ್ಸ್ ಹೋಯಿತು. ನಾನು ಹೋದಾಗ ತಂಗಿ ಫೋನ್ ಸ್ವಿಚ್ ಆಫ್ ಮಾಡಿಟ್ಟಿದ್ದಳು. ಹುಡುಗ ರೂಮಿನಲ್ಲಿದ್ದ. "ಎಷ್ಟಕ್ಕೆ ಹೋಯ್ತೋ?" ಅಂದೆ. "ಆರು ಮಾರ್ಕ್ಸ್, ಮಾವ" ಅಂದ. ಉತ್ತರಪತ್ರಿಕೆಯ ಸ್ಕ್ಯಾನ್ ಕಾಪಿಗೆ ಅರ್ಜಿ ಹಾಕಿದೆವು. ಅದು ಬಂದ ಮೇಲೆ ಇಬ್ಬರೂ ಕೂತು ನೋಡಿದೆವು. ಲೆನ್ಸಿನ ಲೆಕ್ಕದಲ್ಲಿ ಮೈನಸ್ ಚಿಹ್ನೆ ಬಿಟ್ಟಿದ್ದ. ಕೊನೆಯ ಎರಡು ಪ್ರಶ್ನೆ ಮುಟ್ಟೇ ಇರಲಿಲ್ಲ. ಟೈಮ್ ಸಾಲಲಿಲ್ಲ ಅಂತ ಅವನೇ ಹೇಳಿದ, ಯಾವ ಪ್ರಶ್ನೆಗೆ ಎಷ್ಟು ಹೊತ್ತು ಹಿಡಿಯಿತು ಅಂತಲೂ ಹೇಳಿದ.

ಅವತ್ತೇ ತಂಗಿ ತಾನಾಗಿ ಅದೇ ಸೋದರತ್ತೆಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು. "ಫಿಸಿಕ್ಸ್ ಹೋಗದೆ ಅತ್ತೆ, ಪರೀಕ್ಷೆ-2ಕ್ಕೆ ಕಟ್ಟಿದೀವಿ" ಅಂದಳು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅತ್ತೆ ಅಂದರು: "ನಿಮ್ಮಣ್ಣ ಬರ್ದ ವರ್ಷ ನಮ್ಮ ಹುಡುಗಂದೂ ಹೋಗಿತ್ತು ಕಣವ್ವ. ಯಾರ್ಗೂ ಹೇಳಿಲ್ಲ ನಾವು. ಅವತ್ತು ನಿಮ್ಮಪ್ಪಂಗೆ ಹೇಳ್ಕಳನ ಅಂತ್ಲೇ ಫೋನ್ ಮಾಡಿದ್ದೆ. ಇನ್ನೂ ನೋಡ್ಕಂಡು ಬಂದಿಲ್ಲ ಅಂದ, ನಾನೂ ಸುಮ್ನಾದೆ."