ಹದ್ದು ಸತ್ತ ಮೇಲೆ ಅದನ್ನು ತಿನ್ನೋರು ಯಾರು?

ಇವತ್ತು ತಂಗಿಯ ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೋಗಿದ್ದೆ. ಥರ್ಮಾಕೋಲ್ ಮೇಲೆ ಆಹಾರ ಸರಪಳಿ ಮಾಡಿಟ್ಟಿದ್ದರು. ಹುಲ್ಲು, ಮಿಡತೆ, ಕಪ್ಪೆ, ಹಾವು, ತುದಿಯಲ್ಲಿ ಹದ್ದು. ನೋಡಲು ಬಂದಿದ್ದ ಪುಟ್ಟ ಹುಡುಗನೊಬ್ಬ "ಹದ್ದನ್ನ ಯಾರು ತಿಂತಾರೆ?" ಅಂತ ಕೇಳಿದ. "ಯಾರೂ ಇಲ್ಲ, ಅದೇ ಕೊನೆ" ಅಂದಳು ವಿವರಿಸುತ್ತಿದ್ದ ಹುಡುಗಿ. ಪಕ್ಕದಲ್ಲಿದ್ದ ಮಾಸ್ತರು ಹೌದೆಂದು ತಲೆಯಾಡಿಸಿದರು. ಅದೇ ಹೊತ್ತಿಗೆ ಶಾಲೆಯ ಹಿಂದೆ ಅಂಗಳ ಗುಡಿಸಿ ರಾಶಿ ಹಾಕಿದ ಮಾವು, ಹಲಸಿನ ಎಲೆಗೆ ಬೆಂಕಿ ಕೊಟ್ಟಿದ್ದರು. ಹೊಗೆ ಕೋಣೆಯೊಳಗೇ ಬರುತ್ತಿತ್ತು.

ಮಕ್ಕಳ ಮೇಲೆ ಸಿಟ್ಟಿಲ್ಲ. ಹೇಳಿಕೊಟ್ಟಿದ್ದನ್ನು ಅವರು ಚೆನ್ನಾಗಿಯೇ ಮಾಡಿದ್ದರು. ನನ್ನ ಸಿಟ್ಟು ಹೇಳಿಕೊಡುವ ರೀತಿಯ ಮೇಲೆ. ಉತ್ಪಾದಕರು, ಭಕ್ಷಕರು ಅಂತ ಪುಟಗಟ್ಟಲೆ ಬಣ್ಣದ ಚಿತ್ರ ಹಾಕ್ತೇವೆ. ವಿಘಟಕರು, ಅಂದರೆ ಸತ್ತದ್ದನ್ನು ಕೊಳೆಸಿ ಮಣ್ಣಿಗೆ ಸೇರಿಸುವ ಜೀವಿಗಳು, ಅಂತ ಬಂದಾಗ ಮಾತ್ರ ಒಂದು ಸಾಲು, ಮೂಲೆಯಲ್ಲೊಂದು ಅಣಬೆ. ಪರೀಕ್ಷೆಗೆ "ಎರಡು ಉದಾಹರಣೆ ಕೊಡಿ". ಮುಗೀತು.

ಹದ್ದು ಕೊನೆ ಅಲ್ಲ ಸ್ವಾಮಿ. ಅದು ಸತ್ತು ಬಿದ್ದ ಗಳಿಗೆಯಿಂದ ನೊಣದ ಮರಿಹುಳು, ಇರುವೆ, ಬ್ಯಾಕ್ಟೀರಿಯಾ ಎಲ್ಲ ಅದರ ಮೇಲೆ ಕೆಲಸ ಶುರು ಮಾಡುತ್ತವೆ. ಮಾಂಸದಲ್ಲಿದ್ದ ಸಾರಜನಕ ಅಮೋನಿಯ ಆಗಿ, ನೈಟ್ರೇಟ್ ಆಗಿ, ಹುಲ್ಲಿನ ಬೇರು ಹೀರಿಕೊಳ್ಳಬಲ್ಲ ರೂಪಕ್ಕೆ ಬರುವುದು ಆಮೇಲೆ. ಆ ಹುಲ್ಲನ್ನೇ ಮಿಡತೆ ತಿನ್ನೋದು. ನಾವು ಮೂಲೆಗೆ ತಳ್ಳಿದ ಈ ವಿಘಟಕರು ಕೈಬಿಟ್ಟರೆ ಮೊದಲನೇ ಕೊಂಡಿಯೇ ಹುಟ್ಟೋದಿಲ್ಲ. 1942ರಲ್ಲಿ ರೇಮಂಡ್ ಲಿಂಡ್‌ಮನ್ ಎಂಬ ತರುಣ ವಿಜ್ಞಾನಿ ಅಮೆರಿಕದ ಒಂದು ಸಣ್ಣ ಕೆರೆಯಲ್ಲಿ ಶಕ್ತಿ ಹೇಗೆ ಹರಿಯುತ್ತದೆ ಅಂತ ಲೆಕ್ಕ ಹಾಕಿ ತೋರಿಸಿದ. ಒಂದು ಹಂತದಿಂದ ಮುಂದಿನದಕ್ಕೆ ದಾಟೋದು ಸುಮಾರು ಹತ್ತರಲ್ಲಿ ಒಂದು ಪಾಲು ಅಂತ ಇವತ್ತಿಗೂ ಶಾಲೆಯಲ್ಲಿ ಹೇಳಿಕೊಡುವ ಪಾಠದ ಬೇರು ಅಲ್ಲೇ ಇದೆ. ಆ ಪಾಠದಲ್ಲೂ ಮೇಲೆ ಹೋದ ಒಂದು ಪಾಲಿನ ಬಗ್ಗೆಯೇ ಮಾತು. ಉಳಿದದ್ದರಲ್ಲಿ ಒಂದಷ್ಟು ಆ ಜೀವಿಗಳ ಉಸಿರಾಟದಲ್ಲೇ ಖರ್ಚಾಗುತ್ತದೆ, ಸರಿ. ಸಗಣಿ, ಹಿಕ್ಕೆ, ಒಣಗಿದ ಎಲೆ, ಹೆಣ ಇವೆಲ್ಲ ಎಲ್ಲಿಗೆ ಹೋದವು ಅಂತ ಯಾರೂ ಕೇಳೋದಿಲ್ಲ. ಕಾಡಿನಲ್ಲಿ ಚಿಗುರಿದ ಎಲೆಯ ದೊಡ್ಡ ಪಾಲನ್ನು ಯಾವ ಜಿಂಕೆಯೂ, ಯಾವ ಹುಳವೂ ಹಸಿಯಾಗಿ ತಿನ್ನೋದೇ ಇಲ್ಲ. ಅದು ಉದುರಿ, ನೆಲದಲ್ಲೇ ಉಣ್ಣಲ್ಪಡುತ್ತದೆ.

ಆಸ್ಟ್ರೇಲಿಯಾದ ಕತೆ ನನಗೆ ತುಂಬಾ ಇಷ್ಟ, ಸಿಕ್ಕವರಿಗೆಲ್ಲ ಹೇಳ್ತಿರ್ತೇನೆ. 1788ರಲ್ಲಿ ಬ್ರಿಟಿಷರು ಅಲ್ಲಿಗೆ ದನ ತಂದರು. ಅಲ್ಲಿನ ಸಗಣಿಹುಳುಗಳಿಗೆ ಕಾಂಗರೂವಿನ ಒಣ ಹಿಕ್ಕೆ ಗೊತ್ತು, ದನದ ಹಸಿ ಸಗಣಿ ಗೊತ್ತಿಲ್ಲ. ಸಗಣಿ ಬಿದ್ದಲ್ಲೇ ಒಣಗಿ ತಿಂಗಳುಗಟ್ಟಲೆ ಹಾಗೇ ಕೂತಿತು. ಅದರ ಅಡಿ ಹುಲ್ಲು ಸತ್ತಿತು, ಸುತ್ತ ಬೆಳೆದದ್ದನ್ನು ದನ ಮೂಸಲಿಲ್ಲ. ಹಸಿ ಸಗಣಿಯಲ್ಲಿ ನೊಣ ಮೊಟ್ಟೆಯಿಟ್ಟು, ಜನ ಮನೆಯಿಂದ ಹೊರಗೆ ಕೂತು ಊಟ ಮಾಡುವುದೇ ಕಷ್ಟವಾಯಿತು. ಹಂಗೇರಿಯಿಂದ ಬಂದ ಕೀಟವಿಜ್ಞಾನಿ ಜಾರ್ಜ್ ಬೋರ್ನೆಮಿಸ್ಸಾ ಇದನ್ನು ಕಂಡು, ತನ್ನೂರಲ್ಲಿ ಸಗಣಿ ಹೀಗೆ ಉಳಿಯೋದಿಲ್ಲವಲ್ಲ ಅಂದುಕೊಂಡ. 1960ರ ದಶಕದಲ್ಲಿ ಅಲ್ಲಿನ ಸರ್ಕಾರಿ ಸಂಶೋಧನಾ ಸಂಸ್ಥೆಯ ಮೂಲಕ ಆಫ್ರಿಕಾದಿಂದ, ಯುರೋಪಿನಿಂದ ಸಗಣಿಹುಳುಗಳನ್ನು ತರಿಸಿ ಬಿಡುವ ಕೆಲಸ ಶುರುವಾಯಿತು, ವರ್ಷಗಟ್ಟಲೆ ನಡೆಯಿತು. ಹುಳು ನೆಲೆಯೂರಿದ ಎಷ್ಟೋ ಕಡೆ ನೊಣ ಕಡಿಮೆಯಾಯಿತು, ಸಗಣಿ ಮಣ್ಣಿಗಿಳಿಯಿತು. ಒಂದು ದೇಶ ಹಣ ಕೊಟ್ಟು, ಹಡಗು ವಿಮಾನ ಹತ್ತಿಸಿ ತರಿಸಿಕೊಂಡ ಜೀವಿ ಅದು. ನಮ್ಮ ಕೊಟ್ಟಿಗೆಯ ಹಿಂದೆ ದಿನಾ ಪುಕ್ಕಟೆ ಉಂಡೆ ಕಟ್ಟುತ್ತಿದೆ. ಅದರ ಚಿತ್ರ ಯಾವ ಚಾರ್ಟಿನಲ್ಲಿದೆ, ತೋರಿಸಿ.

ನಮ್ಮ ಸಿರ್ಸಿ ಸೀಮೆಯವರಿಗಾದರೂ ಇದನ್ನು ಬಿಡಿಸಿ ಹೇಳಬೇಕಾಗಿ ಬಂತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಒಂದೆಕರೆ ಅಡಿಕೆ ತೋಟಕ್ಕೆ ಒಂಬತ್ತೆಕರೆವರೆಗೆ ಸೊಪ್ಪಿನ ಬೆಟ್ಟ ಅಂತ ಬ್ರಿಟಿಷರ ಕಾಲದಲ್ಲೇ ಬರೆದುಕೊಟ್ಟದ್ದು ಯಾಕೆ? ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಕೊಟ್ಟಿಗೆಗೆ ಬರಬೇಕು, ದನದ ಕಾಲಡಿ ಹಾಸಾಗಬೇಕು, ಗೊಬ್ಬರಗುಂಡಿಯಲ್ಲಿ ಕಳಿಯಬೇಕು, ಆಮೇಲೆ ಮರದ ಬುಡ ಸೇರಬೇಕು. ನಮ್ಮ ಆಯಿ ದರಕು ಗುಡಿಸಿ ತಂದು ತಂದು ಸೊಂಟ ಬಗ್ಗಿಸಿಕೊಂಡವಳು. ಮಳೆಗಾಲ ಕಳೆದು ಗುಂಡಿ ತೆಗೆದಾಗ ಕಪ್ಪಗೆ, ಬೆಚ್ಚಗೆ ಏಳುವ ಆ ವಾಸನೆ ನನಗೆ ಇವತ್ತಿಗೂ ಊರಿನ ಎಲ್ಲ ವಾಸನೆಗಿಂತ ಪ್ರೀತಿ. ಅದನ್ನು ಮಾಡಿದ್ದು ಆಯಿಯ ಜೊತೆ ಶಿಲೀಂಧ್ರ, ಎರೆಹುಳು, ಒರಲೆ (ಗೆದ್ದಲು). ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ವಸ್ತುವನ್ನು ಒಡೆಯುವ ಶಕ್ತಿ ಇರುವ ಜೀವಿಗಳು ಲೋಕದಲ್ಲಿ ಬಹಳ ಕಡಿಮೆ. ಅದರಲ್ಲಿ ಮುಂದಿರೋದು ಶಿಲೀಂಧ್ರಗಳೇ. ನಮ್ಮ ಹುತ್ತದ ಒರಲೆ ಶಿಲೀಂಧ್ರವನ್ನು ತಾನೇ ಒಳಗೆ ಸಾಕಿಕೊಂಡಿರುತ್ತದೆ. ಮಳೆ ಹಿಡಿದಾಗ ಹುತ್ತದ ಮೇಲೆ ಏಳುವ ಅಣಬೆಯನ್ನು ಆಸೆಪಟ್ಟು ಕಿತ್ತು ತಿನ್ನೋ ಜನವೇ, ಹುತ್ತ ಕಂಡರೆ ವಿಷ ಸುರೀತಾರೆ.

"ಎಲೆ ಬಿಟ್ಟರೆ ಹಾವು ಬರುತ್ತೆ, ಸೊಳ್ಳೆ ಆಗುತ್ತೆ, ಬೂದಿಯೂ ಗೊಬ್ಬರವೇ" ಅಂತ ಕಾಮೆಂಟು ಬರುತ್ತದೆ, ಗೊತ್ತು. ಮಕ್ಕಳು ಓಡಾಡುವ ಅಂಗಳ ಗುಡಿಸಲೇಬೇಕು, ಒಪ್ಪಿದೆ. ಗುಡಿಸಿದ್ದನ್ನು ಸುಡಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ಸೊಳ್ಳೆ ಮೊಟ್ಟೆಯಿಡೋದು ನಿಂತ ನೀರಿನಲ್ಲಿ, ಒಣ ಎಲೆಯಲ್ಲಲ್ಲ. ಬೂದಿಯಲ್ಲಿ ಪೊಟ್ಯಾಷ್, ಸುಣ್ಣದ ಅಂಶ ಉಳಿಯುತ್ತದೆ ನಿಜ. ಸಾರಜನಕ ಬಹುಪಾಲು ಹೊಗೆಯಲ್ಲಿ ಹೋಯಿತು, ಇಂಗಾಲ ಹೋಯಿತು, ಎರೆಹುಳುವಿನ ಊಟವೂ ಹೋಯಿತು. ಹೊಗೆ ಮಕ್ಕಳ ಎದೆಗೆ ಹೋಯಿತು. ಶಾಲೆಯ ಹಿಂದೆ ಅಷ್ಟು ಜಾಗ ಇದೆ, ಮೂಲೆಯಲ್ಲಿ ಒಂದು ಗುಂಡಿ ತೋಡಿದ್ದರೆ ವಿಘಟಕರ ಪಾಠ ವರ್ಷವಿಡೀ ಕಣ್ಣೆದುರು ನಡೀತಿತ್ತು. ಥರ್ಮಾಕೋಲೂ ಬೇಕಿರಲಿಲ್ಲ.

ಊರಿಗೆ ಊರೇ ಹೀಗಾಗಿದೆ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳುತ್ತದೆ, ಹೋದರೆ ಹೋಗಲಿ ಅಂತ ಸುಮ್ಮನಿರುತ್ತೇವೆ. ಅಂಗಳದ ದರಕನ್ನು ನಾವೇ ಸುಡುತ್ತೇವೆ. ಆಮೇಲೆ ಬಯಲುಸೀಮೆಯಿಂದ ಲಾರಿಯಲ್ಲಿ ಕುರಿಗೊಬ್ಬರ ಬರುತ್ತದೆ, ರೇಟು ಹೆಚ್ಚಾಯಿತು ಅಂತ ಸೊಸೈಟಿ ಕಟ್ಟೆಯ ಮೇಲೆ ಕೂತು ಗೋಳಾಡುತ್ತೇವೆ. ಈ ಬೇಸಿಗೆಯಲ್ಲಿ ದರಕು ಬೇಡ ಅನ್ನುವವರು ದಯವಿಟ್ಟು ಕಡ್ಡಿ ಗೀರುವ ಮುಂಚೆ ನನಗೊಂದು ಫೋನ್ ಮಾಡಿ. ಪಿಕಪ್ ನಾನೇ ತರುತ್ತೇನೆ, ತುಂಬಿಕೊಂಡು ಹೋಗುತ್ತೇನೆ.