ಕ್ಯಾಮೆರಾದ್ದೇನೂ ತಪ್ಪಿಲ್ಲ

ಬೆಂಗಳೂರಿನ ಪತ್ರಿಕೋದ್ಯಮ ವಿದ್ಯಾರ್ಥಿಗಳಿಗೆ ‘ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿಕೊಂಡು ಬನ್ನಿ’ ಎಂದರೆ ಒಂದು ಗುಂಪಾದರೂ ಚನ್ನಪಟ್ಟಣದ ಬಸ್ಸು ಹತ್ತುತ್ತದೆ. ಕಲಾಪ್ರೇಮ ಆಮೇಲಿನ ಮಾತು. ಅರವತ್ತು ಕಿಲೋಮೀಟರ್ ದಾರಿ, ಸಂಜೆಯೊಳಗೆ ವಾಪಸ್, ನಡುವೆ ಬಿಡದಿಯಲ್ಲಿ ತಟ್ಟೆ ಇಡ್ಲಿ. ಗೊಂಬೆಗಳೋ ಬಣ್ಣಬಣ್ಣದವು, ಕ್ಯಾಮೆರಾ ಹಿಡಿಯಲು ಬಾರದವರು ಹಿಡಿದರೂ ಚೆನ್ನಾಗಿಯೇ ಕಾಣುತ್ತವೆ.

ಗುಂಪಿನಲ್ಲಿ ಆರು ಜನ. ಅವರಲ್ಲಿ ಮೂವರು ನಿರ್ದೇಶಕರು, ಇಬ್ಬರು ಕ್ಯಾಮೆರಾ. ಉಳಿದದ್ದು ಧ್ವನಿ. ಅದನ್ನು, ಕೆಲಸ ಹಂಚಿದ ದಿನ ಕ್ಲಾಸಿಗೆ ಬಾರದವನ ಹೆಸರಿಗೆ ಬರೆಯುವುದು ಎಲ್ಲ ಕಾಲೇಜುಗಳಲ್ಲೂ ನಡೆದುಬಂದ ಪದ್ಧತಿ. ಅವನಿಗೆ ವಿಷಯ ಗೊತ್ತಾಗುವುದು ಬಸ್ಸಿನಲ್ಲಿ. ಮೈಕಿನ ಚೀಲ ತೊಡೆಯ ಮೇಲೆ ಬಂದು ಬಿದ್ದಾಗ.

ಮೊದಲು ಸ್ಟ್ಯಾಂಡಿನ ವಿಷಯ ಮುಗಿಸಿಬಿಡೋಣ, ಅಲ್ಲಿಂದಲೇ ತಾನೇ ಶುರು. ಟ್ರೈಪಾಡಿನ ತಲೆಯ ಮೇಲೆ ಅಂಗೈಗಿಂತ ಚಿಕ್ಕದೊಂದು ಪ್ಲೇಟ್ ಇರುತ್ತದೆ. ಅದರ ಕಾಲಿಂಚಿನ ತಿರುಪನ್ನು ಕ್ಯಾಮೆರಾದ ತಳಕ್ಕೆ ಬಿಗಿಯಬೇಕು. ಪ್ಲೇಟು ಹಿಂದಿನ ಸಲ ಒಯ್ದವರ ಕ್ಯಾಮೆರಾದ ತಳದಲ್ಲೇ ಉಳಿದಿದ್ದರೆ ಮೂರು ಕಾಲಿನ ಸ್ಟ್ಯಾಂಡ್ ಬಟ್ಟೆ ಒಣಹಾಕಲಿಕ್ಕೂ ಆಗದು. ಪ್ಲೇಟು ಇದ್ದರೆ ಇನ್ನೊಂದು ತೊಡಕು. ಆ ತಿರುಪನ್ನು ಬಿಗಿಯಲು ನಾಣ್ಯ ಬೇಕು. ಆರು ಜನರ ಜೇಬಿನಲ್ಲೂ ಫೋನ್‌ಪೇ ಇದೆ, ಒಂದು ರೂಪಾಯಿಯ ಬಿಲ್ಲೆ ಯಾರ ಹತ್ತಿರವೂ ಇಲ್ಲ. ಉಗುರಲ್ಲಿ ಬಿಗಿದ ತಿರುಪು ಹತ್ತು ನಿಮಿಷ ತಡೆಯುತ್ತದೆ. ಆಮೇಲೆ ಕ್ಯಾಮೆರಾ ಮೆಲ್ಲಗೆ ತಲೆ ಬಾಗಿಸಿ, ಮಾತಾಡುತ್ತಿರುವವರ ಮುಖ ಬಿಟ್ಟು ಹೊಟ್ಟೆ ನೋಡತೊಡಗುತ್ತದೆ. ಕ್ಯಾಮೆರಾ ಬ್ಯಾಗಿನ ಜಿಪ್ಪಿಗೆ ಐದು ರೂಪಾಯಿ ನಾಣ್ಯವೊಂದನ್ನು ಟೇಪಿನಿಂದ ಅಂಟಿಸಿಬಿಡಿ. ಟೀ ಅಂಗಡಿಯಲ್ಲಿ ಚಿಲ್ಲರೆ ಕೇಳಿದರೂ ಬಿಚ್ಚಕೂಡದು.

ಇನ್ನು ಮೈಕು. ಕಾಲೇಜಿನಲ್ಲಿ ಸಿಗುವುದು ಸಾಮಾನ್ಯವಾಗಿ ಆರು ಮೀಟರ್ ತಂತಿಯ ಕಾಲರ್ ಮೈಕ್. ತಂತಿಯ ನಡುವೆ ಸುಣ್ಣದ ಡಬ್ಬಿಯಷ್ಟು ಗಾತ್ರದ ಒಂದು ಡಬ್ಬಿ, ಅದರೊಳಗೆ ಎಲ್‌ಆರ್44 ಎಂಬ ಗುಂಡಿ ಸೆಲ್ಲು, ಮೇಲೆ ಒಂದು ಸ್ವಿಚ್ಚು. ಸ್ವಿಚ್ಚಿನ ಒಂದು ಕಡೆ ‘ಕ್ಯಾಮೆರಾ’ ಎಂದಿದೆ, ಇನ್ನೊಂದು ಕಡೆ ‘ಆಫ್, ಸ್ಮಾರ್ಟ್‌ಫೋನ್’ ಎಂದಿದೆ. ಫೋನಿಗೆ ಸಿಕ್ಕಿಸಿದಾಗ ಮೈಕಿಗೆ ಬೇಕಾದ ವಿದ್ಯುತ್ತನ್ನು ಫೋನೇ ಕೊಡುತ್ತದೆ. ಸೆಲ್ಲಿಗೆ ಕೆಲಸವಿಲ್ಲ, ಅದಕ್ಕೇ ಆಫ್. ಇದನ್ನು ವಿವರಿಸುವ ಚೀಟಿ ಪೊಟ್ಟಣದಲ್ಲಿ ಇರುತ್ತದೆ. ಪೊಟ್ಟಣ ಎಸೆದು ಮೂರು ವರ್ಷವಾಗಿರುತ್ತದೆ.

ಹಾಗಾಗಿ ಕ್ಯಾಮೆರಾಕ್ಕೆ ಸಿಕ್ಕಿಸಿದವರು ಸ್ವಿಚ್ಚನ್ನು ಆಫ್‌ನಲ್ಲೇ ಬಿಟ್ಟು ಇಡೀ ಸಂದರ್ಶನವನ್ನು ಮೌನವಾಗಿ ಹಿಡಿಯುತ್ತಾರೆ. ಕೆಲಸ ಮುಗಿದ ಮೇಲೆ ಯಾರೋ ಅದನ್ನು ‘ಕ್ಯಾಮೆರಾ’ಕ್ಕೆ ತಿರುಗಿಸಿ, ಓಹೋ ಇಷ್ಟೇನಾ ಎಂದುಕೊಂಡು, ಹಾಗೇ ಚೀಲಕ್ಕೆ ಹಾಕುತ್ತಾರೆ. ಸೆಲ್ಲು ಹಗಲೂ ರಾತ್ರಿ ಕತ್ತಲಲ್ಲಿ ದುಡಿದು, ಮುಂದಿನ ಗುಂಪಿನ ಕೈಗೆ ಬರುವ ಹೊತ್ತಿಗೆ ಸತ್ತಿರುತ್ತದೆ. ಎಲ್‌ಆರ್44 ಹುಡುಕಿಕೊಂಡು ಕ್ಯಾಮೆರಾ ಅಂಗಡಿಗೆ ಹೋಗಬೇಕಿಲ್ಲ, ವಾಚ್ ರಿಪೇರಿಯವನ ಹತ್ತಿರವೇ ಸಿಗುತ್ತದೆ. ಎರಡು ತೆಗೆದಿಟ್ಟುಕೊಳ್ಳಿ. ಒಂದು ಹೇಗೂ ಹಾಕುವಾಗ ಕೈಜಾರಿ ಗೊಂಬೆ ಅಂಗಡಿಯ ಮರದ ಹೊಟ್ಟಿನೊಳಗೆ ಸೇರುತ್ತದೆ.

ಮೈಕಿನ ಪಿನ್ನಿನಲ್ಲೂ ಜಾತಿಭೇದವಿದೆ. ಅದರ ಮೇಲಿನ ಕಪ್ಪು ಪಟ್ಟೆ ಎಣಿಸಿ. ಮೂರಿದ್ದರೆ ಫೋನಿಗೂ ಆಗುವಂಥದ್ದು, ಎರಡಿದ್ದರೆ ಬರೀ ಕ್ಯಾಮೆರಾದ್ದು. ಎರಡು ಪಟ್ಟೆಯ ಮೈಕನ್ನು ಫೋನಿಗೆ ಚುಚ್ಚಿದರೆ ಫೋನು ಅದನ್ನು ಹೆಡ್‌ಫೋನ್ ಎಂದು ತಿಳಿದು, ತನ್ನ ಸ್ವಂತ ಮೈಕಿನಲ್ಲೇ ಆರು ಅಡಿ ದೂರದಿಂದ ಕೇಳಿಸಿಕೊಳ್ಳುತ್ತದೆ. ರೆಕಾರ್ಡೇನೋ ಆಗುತ್ತದೆ, ಮೋಸ ಇರುವುದೇ ಅಲ್ಲಿ. ಕಾಲರಿನಿಂದ ಬಾಯಿಗೆ ಒಂದು ಗೇಣು, ಸುಮಾರು 20 ಸೆಂಟಿಮೀಟರ್. ಕ್ಯಾಮೆರಾದ ಹತ್ತಿರ ಎಂದರೆ 2 ಮೀಟರ್. ದೂರ ಹತ್ತು ಪಟ್ಟಾದರೆ ಮಾತು 20 ಡೆಸಿಬೆಲ್ ಇಳಿಯುತ್ತದೆ, ಸುತ್ತಲಿನ ಗಲಾಟೆ ಎಳ್ಳಷ್ಟೂ ಇಳಿಯುವುದಿಲ್ಲ. ಅನುಮಾನ ಬಂದರೆ ಮೈಕಿನ ತಲೆಯನ್ನು ಉಗುರಿನಿಂದ ಮೆಲ್ಲಗೆ ಗೀರಿ, ರೆಕಾರ್ಡ್ ಮಾಡಿ ಕೇಳಿ. ಗೀರಿದ ಸದ್ದು ಬಂದರೆ ಆ ಮೈಕೇ ಕೆಲಸ ಮಾಡುತ್ತಿದೆ. ‘ಹಲೋ ಹಲೋ ಮೈಕ್ ಟೆಸ್ಟಿಂಗ್’ ಎಂಬುದು ಯಾವ ಮೈಕಿಗೂ ಕೇಳಿಸುವ ಮಾತು, ಅದರಿಂದ ಏನೂ ಸಾಬೀತಾಗದು.

ಮಾತಾಡುವವರು ಹೆಂಗಸರಾದರೆ ಮೈಕು ಸಿಕ್ಕಿಸುವ ಜಾಗ ನೋಡಿಕೊಳ್ಳಬೇಕು. ರೇಷ್ಮೆ ಸೆರಗಿನ ಅಂಚಿಗೆ ಸಿಕ್ಕಿಸಿದರೆ ಉಸಿರಾಡಿದಾಗಲೆಲ್ಲ ಹಪ್ಪಳ ಮುರಿದ ಸದ್ದು. ಎದೆಯ ನಡುವೆ ಸಿಕ್ಕಿಸಿದರೆ ಸರ ಬಂದು ಟಿಕ್ ಟಿಕ್ ಎಂದು ಬಡಿಯುತ್ತದೆ. ಸರ ತೆಗೆಯಿರಿ ಎಂದು ಕೇಳಲಾದೀತೇ? ಒಂದು ಬದಿಗೆ, ರವಿಕೆಯ ಕತ್ತಿನಂಚಿಗೆ ಸಿಕ್ಕಿಸಿ, ಕ್ಲಿಪ್ಪಿನ ಕೆಳಗೆ ತಂತಿಯನ್ನು ಒಂದು ಸುತ್ತು ಸುತ್ತಿ ಬಿಡಿ. ತಂತಿ ಎಳೆದಾಡಿದರೂ ಸದ್ದು ಮೈಕಿನವರೆಗೆ ಹತ್ತುವುದಿಲ್ಲ.

ಇಷ್ಟೆಲ್ಲ ಸಿಂಗಾರವಾದ ಮೇಲೆ ಗೊಂಬೆ ಮಾಡುವ ಸಾಹೇಬರು ಮರ ಕಡೆಯುವ ಚರಕಿಯ ಮುಂದೆ ಕೂತು ಸ್ವಿಚ್ ಹಾಕುತ್ತಾರೆ. ಮೋಟಾರು ಗೊರ್ ಎನ್ನುತ್ತದೆ. ಆಲೆ ಮರದ ತುಂಡು ಗಿರಗಿರ ತಿರುಗುತ್ತದೆ. ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಕೆಂಪು ಅಂಟಿಕೊಳ್ಳುತ್ತದೆ, ಮೇಲೆ ತಾಳೆಗರಿ ಹಿಡಿದರೆ ಕನ್ನಡಿಯಂಥ ಹೊಳಪು. ನೋಡಲು ಅದ್ಭುತ. ಮೂವರು ನಿರ್ದೇಶಕರೂ ಒಟ್ಟಿಗೇ ಪ್ರಶ್ನೆ ಕೇಳಲು ಶುರುಮಾಡುವುದು ಆಗಲೇ. ಸಾಹೇಬರು ಐವತ್ತು ವರ್ಷದ ಅನುಭವವನ್ನು ಮೋಟಾರಿನ ಸದ್ದಿನ ಮೇಲೆ ಕೂಗಿ ಹೇಳುತ್ತಾರೆ. ಕ್ಯಾಮೆರಾದಲ್ಲಿ ಧ್ವನಿಮಟ್ಟ ‘ಆಟೋ’ದಲ್ಲಿದ್ದರೆ, ಅವರು ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಕ್ಯಾಮೆರಾ ‘ಅಯ್ಯೋ ಸದ್ದು ಕಮ್ಮಿಯಾಯ್ತು’ ಎಂದು ಗಾಬರಿಯಾಗಿ ಮೋಟಾರನ್ನೇ ಎತ್ತಿ ಎತ್ತಿ ಕೇಳಿಸುತ್ತದೆ. ಮ್ಯಾನುಯಲ್‌ಗೆ ಹಾಕಿ, ಜೋರು ಮಾತು ಮೀಟರಿನಲ್ಲಿ -12ರಿಂದ -6 ಡೆಸಿಬೆಲ್ ನಡುವೆ ಆಡುವಂತೆ ಇಟ್ಟುಕೊಳ್ಳಿ. 0 ಮುಟ್ಟಿದರೆ ಮಾತು ಹರಿದುಹೋಗುತ್ತದೆ, ಹೊಲಿಯುವ ಸಾಫ್ಟ್‌ವೇರ್ ನಂಬಿಕೊಂಡು ಹರಿಯಬೇಡಿ.

ಸರಿಯಾದ ಕ್ರಮ ಎಂದರೆ ಕೆಲಸ ಬೇರೆ, ಮಾತು ಬೇರೆ. ಮೊದಲು ಕೆಲಸವನ್ನಷ್ಟೇ ಹಿಡಿದು, ಮೋಟಾರು ನಿಲ್ಲಿಸಿ, ಫ್ಯಾನೂ ನಿಲ್ಲಿಸಿ ಮಾತಾಡಿಸಬೇಕು. ಇದು ಎರಡನೇ ಸಲ ಹೋದಾಗ ಹೊಳೆಯುತ್ತದೆ. ಆಗ ಸಾಹೇಬರು ಕೇಳುವುದು ಒಂದೇ ಮಾತು: ‘ಹೋದ್ವಾರ ಎಲ್ಲಾ ಹೇಳಿದ್ನಲ್ಲಪ್ಪ, ಮತ್ತೆ ಮೊದಲಿಂದ ಹೇಳ್ಬೇಕಾ?’

ಹೊರಡುವ ಮುಂಚೆ ಅದೇ ಕೋಣೆಯಲ್ಲಿ ಯಾರೂ ಮಾತಾಡದೆ ಮೂವತ್ತು ಸೆಕೆಂಡು ಬರೀ ಮೌನ ರೆಕಾರ್ಡ್ ಮಾಡಿಕೊಳ್ಳಬೇಕು. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಕಡೆ ತೇಪೆ ಹಾಕಲು ಆ ಕೋಣೆಯ ಮೌನವೇ ಬೇಕು, ಹಾಸ್ಟೆಲ್ಲಿನ ಮೌನ ಹೊಂದುವುದಿಲ್ಲ. ಆರು ವಿದ್ಯಾರ್ಥಿಗಳನ್ನು ಮೂವತ್ತು ಸೆಕೆಂಡು ಸುಮ್ಮನಿರಿಸುವುದು ಇಡೀ ಚಿತ್ರೀಕರಣದಲ್ಲಿ ಅತಿ ಕಷ್ಟದ ಶಾಟ್. ಇಪ್ಪತ್ತೆರಡನೇ ಸೆಕೆಂಡಿಗೆ ಒಬ್ಬರಾದರೂ ಕಿಸಕ್ ಎನ್ನುತ್ತಾರೆ.

ಧ್ವನಿಯನ್ನು ಬೇರೆ ಫೋನಿನಲ್ಲಿ ಹಿಡಿಯುವವರು ಪ್ರತಿ ಶಾಟಿನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಬೇಕು. ಒಮ್ಮೆ ಮಾತ್ರ, ಭಜನೆಯಲ್ಲ. ಅಂಗೈಗಳು ಕೂಡಿದ ಫ್ರೇಮಿಗೂ ಧ್ವನಿಯಲ್ಲಿ ಎದ್ದ ಚೂಪು ಗೆರೆಗೂ ಗಂಟು ಹಾಕಿದರೆ ತುಟಿ, ಮಾತು ಎರಡೂ ಒಂದಾಗುತ್ತವೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೋದಲ್ಲಿ ಒಂದು ಫ್ರೇಮೆಂದರೆ 40 ಮಿಲಿಸೆಕೆಂಡು. ನಾಲ್ಕೈದು ಫ್ರೇಮು ಆಚೀಚೆಯಾದರೆ ಸಾಹೇಬರು ಡಬ್ಬಿಂಗ್ ಸಿನಿಮಾದ ಖಳನಾಯಕನ ಹಾಗೆ ಕಾಣುತ್ತಾರೆ. ದೃಶ್ಯವನ್ನೂ ಫೋನಿನಲ್ಲೇ ಹಿಡಿದಿದ್ದರೆ ಗಂಟು ಹಾಕಿದರೂ ಸಾಲದು. ಫೋನು ಬೆಳಕು ನೋಡಿಕೊಂಡು ಫ್ರೇಮಿನ ಲೆಕ್ಕವನ್ನು ಹೆಚ್ಚುಕಮ್ಮಿ ಮಾಡುತ್ತಿರುತ್ತದೆ. ಆರಂಭದಲ್ಲಿ ಸರಿಯಿದ್ದ ತುಟಿ ಎಂಟನೇ ನಿಮಿಷಕ್ಕೆ ಮಾತಿಗಿಂತ ಹಿಂದೆ ಬೀಳುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ‘ಕಾನ್‌ಸ್ಟೆಂಟ್ ಫ್ರೇಮ್‌ರೇಟ್’ ಒತ್ತಿ ಒಮ್ಮೆ ಹೊರತೆಗೆದು, ಆಮೇಲೆ ಎಡಿಟಿಂಗಿಗೆ ಕೂರಿ.

ಟ್ಯೂಬ್‌ಲೈಟಿನ ಕೆಳಗೆ ಹಿಡಿದ ದೃಶ್ಯದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಜಾರುತ್ತಿದ್ದರೆ ಅದು ದೃಷ್ಟಿದೋಷವಲ್ಲ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ ನೂರು ಸಲ ಕಣ್ಣು ಮಿಟುಕಿಸುತ್ತದೆ. ಫೋನು 30 ಫ್ರೇಮಿನ ಲೆಕ್ಕದಲ್ಲಿ ತನಗೆ ತೋಚಿದ ಶಟರ್ (ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಹೊತ್ತು) ಇಟ್ಟುಕೊಂಡರೆ ಎರಡಕ್ಕೂ ತಾಳ ಕೂಡುವುದಿಲ್ಲ. 25 ಫ್ರೇಮ್, ಶಟರ್ 1/50 ಅಥವಾ 1/100. ಐಫೋನಿನಲ್ಲಿ 25 ಕಾಣಿಸದಿದ್ದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ‘ಪಾಲ್ ಫಾರ್ಮ್ಯಾಟ್’ ಆನ್ ಮಾಡಬೇಕು. ಬಿಸಿಲಿಗೆ ಬಂದರೆ ಬೇರೆ ತಮಾಷೆ. ಶಟರ್ ಆಟೋದಲ್ಲಿ 1/1000 ದಾಟಿ, ಭರದಿಂದ ತಿರುಗುವ ಚರಕಿ ನಿಂತ ಹಾಗೆ ಕಾಣುತ್ತದೆ. ಮರದ ತುಂಡು ಹೇಗೂ ಗುಂಡಗಿದೆ, ತಿರುಗಿದರೂ ಒಂದೇ, ನಿಂತರೂ ಒಂದೇ. ಉಳಿಯಿಂದ ಹಾರುವ ಹೊಟ್ಟನ್ನು ಹತ್ತಿರದಿಂದ ಹಿಡಿಯದಿದ್ದರೆ, ಸಾಹೇಬರು ಸುಮ್ಮನೆ ಮರ ಹಿಡಿದುಕೊಂಡು ಕೂತಿದ್ದಾರೆ ಎಂದು ನೋಡಿದವರು ಅಂದುಕೊಳ್ಳುತ್ತಾರೆ.

ಜಾಗದ ಲೆಕ್ಕ ಹಾಕಿಕೊಂಡು ಹೋದ ಗುಂಪು ಅಪರೂಪ. ಐಫೋನಿನಲ್ಲಿ 4ಕೆ, 30 ಫ್ರೇಮಿಗೆ ನಿಮಿಷಕ್ಕೆ ಸುಮಾರು 170 ಎಂಬಿ. 60 ಫ್ರೇಮಿಗೆ 400. ಅದೇ 1080ಪಿ, 30 ಫ್ರೇಮಿಗೆ 60 ಸಾಕು. ಕೊನೆಗೆ ತೋರಿಸುವುದು ಸೆಮಿನಾರ್ ಹಾಲಿನ ಹಳೇ ಪ್ರೊಜೆಕ್ಟರಿನಲ್ಲಿ. 4ಕೆ ಯಾರಿಗೆ? ಫೋನ್ ತುಂಬಿದೊಡನೆ ‘ವಾಟ್ಸಾಪಿನಲ್ಲಿ ಕಳಿಸೋ’ ಎನ್ನುವವರು ಹುಟ್ಟಿಕೊಳ್ಳುತ್ತಾರೆ. ವಿಡಿಯೋ ಆಗಿ ಕಳಿಸಿದರೆ ಅದು ಹಿಂಡಿ ಹಿಪ್ಪೆಯಾಗಿ ತಲುಪುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಪೆನ್‌ಡ್ರೈವಿಗೆ ಹಾಕುವುದಾದರೆ ಅದರ ಫಾರ್ಮ್ಯಾಟ್ ಫ್ಯಾಟ್32 ಇದೆಯೇ ನೋಡಿ. ಇದ್ದರೆ 32 ಜಿಬಿ ಖಾಲಿಯಿದ್ದರೂ 4 ಜಿಬಿಗಿಂತ ದೊಡ್ಡ ಫೈಲನ್ನು ಒಲ್ಲೆ ಎನ್ನುತ್ತದೆ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ. ಪೆನ್‌ಡ್ರೈವ್ ಕೊಟ್ಟವಳ ಅಕ್ಕನ ಮದುವೆ ಫೋಟೋಗಳು ಅದರಲ್ಲಿದ್ದವೇ ಎಂದು ಮೊದಲೇ ಕೇಳಿಕೊಳ್ಳುವುದು ಕ್ಷೇಮ.

ಎಡಿಟಿಂಗಿನ ಅನಾಹುತಗಳಿಗೆ ಬೇರೆ ಪುರಾಣವೇ ಬೇಕು. ಎರಡು ಮಾತ್ರ ಹೇಳುತ್ತೇವೆ. ಒಂದು, ಪ್ರೀಮಿಯರ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಪ್ರಾಜೆಕ್ಟ್ ಫೈಲೆಂದರೆ ಲಗ್ನಪತ್ರಿಕೆ ಇದ್ದ ಹಾಗೆ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಎಲ್ಲ ಅದರಲ್ಲಿದೆ. ಗಂಡೂ ಹೆಣ್ಣೂ ಅದರೊಳಗಿಲ್ಲ. ಬರೀ ಅದನ್ನೇ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಲ್ಯಾಬಿಗೆ ಬಂದವರಿಗೆ ‘ಮೀಡಿಯಾ ಆಫ್‌ಲೈನ್’ ಎಂಬ ಕೆಂಪು ಪರದೆ ದರ್ಶನ ಕೊಡುತ್ತದೆ. ಫೈಲ್ ಮೆನುವಿನ ‘ಪ್ರಾಜೆಕ್ಟ್ ಮ್ಯಾನೇಜರ್’ಗೆ ಹೋಗಿ ಎಲ್ಲ ಫೈಲುಗಳನ್ನೂ ಒಂದೇ ಫೋಲ್ಡರಿಗೆ ನಕಲಾಗುವಂತೆ ಹೇಳಿದರೆ ದಿಬ್ಬಣ ಪೂರ್ತಿ ಬರುತ್ತದೆ.

ಎರಡನೆಯದು ಕನ್ನಡದವರಿಗೇ ಮೀಸಲು. ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಿಸಿದ್ದನ್ನು ಹಾಗೇ ತಂದು ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳು ತಲೆಯ ಮೇಲೆ ಚಿತ್ರವಿಚಿತ್ರ ಚುಕ್ಕಿ ಟೋಪಿ ಹಾಕಿಕೊಂಡು ಸಾಲಾಗಿ ನಿಲ್ಲುತ್ತವೆ. ಯೂನಿಕೋಡಿಗೆ ಬದಲಿಸಿ ತರಬೇಕು. ತಂದ ಮೇಲೂ ಒತ್ತಕ್ಷರ ಕಳಚಿಕೊಂಡು ‘ಚನ್ನಪಟ್ಟಣ’ವು ‘ಚನ್‌ನಪಟ್‌ಟಣ’ವಾದರೆ ತಪ್ಪು ಫಾಂಟಿನದ್ದಲ್ಲ. ಪ್ರಿಫರೆನ್ಸಸ್‌ನಲ್ಲಿ ಗ್ರಾಫಿಕ್ಸ್ ಎಂಬಲ್ಲಿ ಟೆಕ್ಸ್ಟ್ ಎಂಜಿನ್ನನ್ನು ‘ಸೌತ್ ಏಷಿಯನ್ ಆ್ಯಂಡ್ ಮಿಡಲ್ ಈಸ್ಟರ್ನ್’ಗೆ ಬದಲಿಸಿದರೆ ಒತ್ತುಗಳು ತಂತಮ್ಮ ಮನೆ ಸೇರುತ್ತವೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಸಾಕು. ಬಹಳ ಗುಂಪುಗಳು ಮಾತ್ರ ಈ ತಂಟೆಯೇ ಬೇಡವೆಂದು ಶೀರ್ಷಿಕೆಯನ್ನು ಇಂಗ್ಲಿಷಿನಲ್ಲಿ ಹಾಕಿ, ಚಿತ್ರವನ್ನು ‘ನಾಡುನುಡಿಗೆ ಅರ್ಪಣೆ’ ಮಾಡುತ್ತವೆ.

ಪ್ರದರ್ಶನದ ದಿನ. ಪ್ರೊಜೆಕ್ಟರಿನಿಂದ ಇಳಿಬಿದ್ದಿರುವುದು ನೀಲಿ ತಲೆಯ ವಿಜಿಎ ಕೇಬಲ್ಲು. ಅದು ಬರೀ ಚಿತ್ರ ಹೊರುತ್ತದೆ, ಸದ್ದನ್ನು ಹೊರುವುದಿಲ್ಲ. ಅಟೆಂಡರ್ ಅಣ್ಣ ಇದನ್ನು ನೂರು ಸಲ ಕಂಡವರು. ಭಾಷಣದ ಮೈಕನ್ನು ತಂದು ಲ್ಯಾಪ್‌ಟಾಪಿನ ಸ್ಪೀಕರಿಗೆ ಹಿಡಿಯುತ್ತಾರೆ. ಇದು ಮರ್ಯಾದಸ್ಥರ ಪರಿಹಾರವಲ್ಲ ಎಂದು ಗುಂಪಿನ ಜಾಣನೊಬ್ಬ ಎಲ್ಲಿಂದಲೋ ಕೇಬಲ್ ತಂದು, ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ನೇರ ಧ್ವನಿವರ್ಧಕದ ಮಿಕ್ಸರಿನ ಮೈಕ್ ತೂತಿಗೆ ಸಿಕ್ಕಿಸುತ್ತಾನೆ. ಆಗ ನಡೆಯುವುದು ಪವಾಡ. ಹಿನ್ನೆಲೆಯ ಕೊಳಲು ಕೇಳುತ್ತದೆ. ಸಾಹೇಬರು ಬಾಯಿ ತೆರೆಯುತ್ತಾರೆ, ಮಾತೇ ಇಲ್ಲ. ಮಿಕ್ಸರಿನ ಆ ತೂತು ತನಗೆ ಬಂದ ಎರಡು ಎಳೆಗಳ ವ್ಯತ್ಯಾಸವನ್ನಷ್ಟೇ ಕೇಳಿಸಿಕೊಳ್ಳುವಂಥದ್ದು. ಮಾತು ಎಡಬಲ ಎರಡರಲ್ಲೂ ಒಂದೇ ಸಮ ಇರುತ್ತದೆ, ಒಂದರಿಂದೊಂದು ಕಳೆದರೆ ಸೊನ್ನೆ. ಸಂಗೀತ ಎಡಬಲಕ್ಕೆ ಬೇರೆಬೇರೆಯಾಗಿರುವುದರಿಂದ ಅಷ್ಟಿಷ್ಟು ಉಳಿಯುತ್ತದೆ. ಬೇಕಾದದ್ದು ಒಂದು ತುದಿಯಲ್ಲಿ ಚಿಕ್ಕ ಪಿನ್ನು, ಇನ್ನೊಂದು ತುದಿಯಲ್ಲಿ ಎರಡು ಕವಲಾದ ಮೋನೋ ಪಿನ್ನುಗಳಿರುವ ಕೇಬಲ್ಲು. ಕವಲುಗಳನ್ನು ಮಿಕ್ಸರಿನ ಎರಡು ಲೈನ್ ತೂತುಗಳಿಗೆ ಹಾಕಬೇಕು.

ಅದು ಇಲ್ಲದ ಕಾರಣ ಅಟೆಂಡರ್ ಅಣ್ಣನನ್ನು ಮತ್ತೆ ಕರೆಯುತ್ತಾರೆ. ಅವರು ‘ನಾನ್ ಮೊದ್ಲೇ ಹೇಳಿದ್ನಲ್ಲಾ ಸಾರ್’ ಎನ್ನುತ್ತಾ ಮೈಕು ಹಿಡಿದು ಹತ್ತು ನಿಮಿಷ ಬಗ್ಗಿ ನಿಲ್ಲುತ್ತಾರೆ. ಕೊನೆಯಲ್ಲಿ ಹೆಸರುಗಳು ಮೇಲೇರುತ್ತವೆ. ನಿರ್ದೇಶನಕ್ಕೆ ಮೂರು ಹೆಸರು, ಕ್ಯಾಮೆರಾಕ್ಕೆ ಎರಡು. ಅದರ ಕೆಳಗೆ, ಟೆಕ್ಸ್ಟ್ ಎಂಜಿನ್ ಬದಲಿಸುವ ಮುಂಚೆಯೇ ಟೈಪಿಸಿದ್ದರಿಂದ ಒತ್ತು ಕಳಚಿಕೊಂಡು, ‘ಧ್‌ವನಿ’. ಪಕ್ಕದಲ್ಲಿ ಆ ಹುಡುಗನ ಹೆಸರು. ಅವನು ಆ ದಿನವೂ ಬಂದಿರುವುದಿಲ್ಲ.