ಮಾತ್ರೆ ಕೊಟ್ಟ ಮೇಲಿನ ಕೆಲಸ ಯಾರು ಕಲಿಸ್ತಾರೆ?

ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಹಗಲು ಬಂದು ಹೋಗುವ ಡೇ ಕೇರ್ ಕೇಂದ್ರ ನಮ್ಮದು. ಕಳೆದ ತಿಂಗಳು ಅಲ್ಲಿನ ಆಯಾ ಜೊತೆ ಒಂದು ತರಬೇತಿಗೆ ಹೋಗಿದ್ದೆ. ಇಂಥವರ ಪುನರ್ವಸತಿ ಕೆಲಸದಲ್ಲಿ ಇರುವವರಿಗೆಂದೇ ಇಟ್ಟಿದ್ದ ಒಂದು ದಿನದ ಕಾರ್ಯಾಗಾರ. ಬೆಳಗ್ಗೆಯಿಂದ ಸಂಜೆವರೆಗೂ ಸ್ಲೈಡುಗಳು, ಎಲ್ಲವೂ ಇಂಗ್ಲಿಷಿನಲ್ಲಿ. ಅಲ್ಲಿ ಕೊಟ್ಟ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆಯಾ ತಾರೀಕು ಬರೆದರು, ತಮ್ಮ ಹೆಸರು ಬರೆದರು, ಪೆನ್ನಿಗೆ ಕ್ಯಾಪ್ ಹಾಕಿ ಇಟ್ಟುಬಿಟ್ಟರು. ವಾಪಸ್ ಬರುವಾಗ ಬಸ್ಸಿನಲ್ಲಿ ಮೆತ್ತಗೆ ಕೇಳಿದರು: "ಮೇಡಂ, ಆ ಹೊಸ ಹುಡುಗ ಸ್ನಾನಕ್ಕೆ ಒಪ್ತಾನೇ ಇಲ್ವಲ್ಲ, ಅಂಥವ್ರನ್ನ ಹೆಂಗೆ ಒಪ್ಪಿಸೋದು ಅಂತ ಏನಾದ್ರೂ ಹೇಳಿದ್ರಾ ಅವ್ರು?"

ಹೇಳಿರಲಿಲ್ಲ. ನನಗೆ ಅಂದಿನಿಂದ ಅದೇ ಪ್ರಶ್ನೆ ತಲೆಯಲ್ಲಿ ಕೂತಿದೆ.

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಅಂದರೆ ಕಿವಿಯಲ್ಲಿ ದನಿ ಕೇಳುವುದು, ಅನುಮಾನ, ಕೂಗಾಟ ಅಂತಲೇ ಹೆಚ್ಚಿನವರು ತಿಳಿದಿದ್ದಾರೆ. ಅದಕ್ಕೆ ಮಾತ್ರೆ ಇದೆ, ಬಹಳ ಜನರಿಗೆ ಕೆಲಸವನ್ನೂ ಮಾಡುತ್ತದೆ. ಆದರೆ ದನಿ ನಿಂತ ಮೇಲೆ ಉಳಿಯುವುದು ಇನ್ನೊಂದು. ಹಾಸಿಗೆ ಬಿಟ್ಟು ಏಳಲು ಮನಸ್ಸಾಗದಿರುವುದು, ಯಾರ ಜೊತೆಯೂ ಮಾತು ಬೇಡ ಅನ್ನಿಸುವುದು, ಖುಷಿ ಅನ್ನುವುದೇ ಆರಿಹೋಗಿರುವುದು. ಮನೆಯವರು ಇದಕ್ಕೆ ಇಟ್ಟ ಹೆಸರು ಸೋಮಾರಿತನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಒಬ್ಬರಿಗೆ "ಎದ್ದು ಒಂದು ಕೆಲಸ ಮಾಡೋಕೆ ಏನು ಕಷ್ಟ ನಿಮಗೆ?" ಅಂತ ಎಲ್ಲರೆದುರು ಗದರಿದ್ದೆ. ಅವರು ಮಾರನೆಯ ದಿನದಿಂದ ಬರಲಿಲ್ಲ. ಸಮಾಜಕಾರ್ಯದಲ್ಲಿ ಎಂಎಸ್‌ಡಬ್ಲ್ಯೂ ಓದಿದ್ದ ನಾನು, ಅದು ಕಾಯಿಲೆಯ ಲಕ್ಷಣವೇ ಹೊರತು ಸ್ವಭಾವ ಅಲ್ಲ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು. ಓದಿದ್ದು ನಾಲಿಗೆಗೆ ಇಳಿದಿರಲಿಲ್ಲ. ಇವತ್ತಿಗೂ ಅವರ ಮುಖ ನೆನಪಾದರೆ ಸಂಕಟವಾಗುತ್ತದೆ.

ಆಮೇಲೆ ಕಲಿತದ್ದೆಲ್ಲ ಈ ಆಯಾ ಅವರನ್ನು ನೋಡಿ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬರು ಕಾಯಿಲೆಗೆ ಮುಂಚೆ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು. ಈಗ ಟೀ ಮಾಡಿ ಅಂದರೆ ಒಲೆ ಮುಂದೆ ನಿಂತೇ ಇರುತ್ತಿದ್ದರು. ಆಯಾ ಮೊದಲ ದಿನ ಅವರ ಕೈಯಲ್ಲಿ ಗ್ಯಾಸ್ ಮಾತ್ರ ಹಚ್ಚಿಸಿದರು, ಉಳಿದದ್ದು ತಾವೇ ಮಾಡಿದರು. ನಾಲ್ಕು ದಿನ ಅಷ್ಟೇ. ಆಮೇಲೆ ಪಾತ್ರೆಗೆ ನೀರು ಹಾಕುವುದು. ಅದು ಕೈಗೆ ಕೂತ ಮೇಲೆ ಟೀ ಪುಡಿ. ಒಂದೂವರೆ ತಿಂಗಳು ಹಿಡಿಯಿತು. ಒಂದು ದಿನ ಅವರೇ ತಿರುಗಿ ನೋಡಿ "ಅಕ್ಕಾ, ಸಕ್ಕರೆ ಎಷ್ಟು ಹಾಕ್ಲಿ?" ಅಂದರು. ಅಲ್ಲಿಯವರೆಗೆ ನಮ್ಮನ್ನು ಅವರು ತಾವಾಗಿ ಒಂದು ಪ್ರಶ್ನೆ ಕೇಳಿದವರಲ್ಲ. ಹೀಗೆ ಒಂದು ಕೆಲಸವನ್ನು ತುಂಡು ತುಂಡು ಮಾಡಿ ಕಲಿಸುವುದಕ್ಕೆ ಪುಸ್ತಕದಲ್ಲಿ ಟಾಸ್ಕ್ ಅನಾಲಿಸಿಸ್ ಅನ್ನುತ್ತಾರೆ. ಆಯಾಗೆ ಆ ಹೆಸರು ಗೊತ್ತಿಲ್ಲ. ಆ ಕಾರ್ಯಾಗಾರದಲ್ಲಿ ಅದರ ಮೇಲೆ ಎರಡು ಸ್ಲೈಡ್ ಇತ್ತು. ಪಕ್ಕದಲ್ಲೇ ಕೂತಿದ್ದ ಆಯಾಗೆ ಅದು ತಮ್ಮದೇ ಕೆಲಸದ ಮಾತು ಅಂತ ಗೊತ್ತಾಗದೆ ಹೋಯಿತಲ್ಲ, ನನಗೆ ತಡೆಯಲಾಗದ್ದು ಅದು.

ಹಾಗಂತ ಆಯಾಗೆ ತರಬೇತಿಯೇ ಬೇಡ ಅನ್ನುತ್ತಿಲ್ಲ. ಅನುಭವದಿಂದ ಬರುವುದು ಒಂದಿಷ್ಟು, ಯಾರಾದರೂ ಹೇಳಲೇಬೇಕಾದ್ದು ಇನ್ನೊಂದಿಷ್ಟು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪೀನ್ ಎಂಬ ಮಾತ್ರೆ ತೆಗೆದುಕೊಳ್ಳುವವರಿಗೆ ಜ್ವರ, ಗಂಟಲುನೋವು ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗುವಂತಿಲ್ಲ. ಆ ಮಾತ್ರೆ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ, ಕೂಡಲೇ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು. ದಿನವೂ ಎದುರಿಗೆ ಇರುವವರು ಆಯಾ. ಇದನ್ನು ಅವರಿಗೆ ಕನ್ನಡದಲ್ಲಿ ಕೂರಿಸಿ ಹೇಳದಿದ್ದರೆ ಇನ್ಯಾರಿಗೆ ಹೇಳುವುದು?

ಅಂಗವೈಕಲ್ಯ ಪ್ರಮಾಣಪತ್ರದ ವಿಷಯವೂ ಹೀಗೇ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಅದರಿಂದಾಗುವ ಅಸಾಮರ್ಥ್ಯವನ್ನು ಅಳೆಯುವ ಐಡಿಯಾಸ್ ಎಂಬ ಮಾಪಕದಲ್ಲಿ ನಾಲ್ಕು ಅಂಶ ನೋಡುತ್ತಾರೆ: ತನ್ನ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ತಿಳಿವಳಿಕೆ, ಕೆಲಸ. ಅಸಾಮರ್ಥ್ಯ ಶೇಕಡಾ 40 ಆದರೆ ಸೌಲಭ್ಯಗಳಿಗೆ ದಾರಿ. ಆದರೆ ಡಾಕ್ಟರ್ ಕೇಳಿದಾಗ ನಮ್ಮ ತಾಯಂದಿರು ಏನನ್ನುತ್ತಾರೆ? "ಚೆನ್ನಾಗವ್ನೆ ಸಾ, ಏನೂ ತೊಂದ್ರೆ ಇಲ್ಲ." ಮನೆಯ ಮರ್ಯಾದೆ ಹೊರಗೆ ಹಾಕಬಾರದು ಅಂತ. ಸ್ನಾನಕ್ಕೆ ದಿನಾ ಎಷ್ಟು ಸಲ ಕರೆಯಬೇಕು, ಕೊನೆಯ ಸಲ ಅಂಗಡಿಗೆ ಒಬ್ಬನೇ ಹೋಗಿದ್ದು ಯಾವಾಗ ಅಂತ ಮೊದಲೇ ಕೂತು ಅವರ ಬಾಯಿಂದ ಹೊರಡಿಸಬೇಕು. ಇದೂ ಒಂದು ಕಸುಬು, ಯಾರೂ ಕಲಿಸುವುದಿಲ್ಲ.

ಕಲಿಸುವ ಜಾಗಗಳು ಇಲ್ಲವೆಂದಲ್ಲ. ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಉನ್ನತ ವ್ಯಾಸಂಗ ಇದೆ, ಒಳ್ಳೆಯ ಪುನರ್ವಸತಿ ವಿಭಾಗ ಇದೆ. ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದ ರಿಚ್ಮಂಡ್ ಫೆಲೋಷಿಪ್ ಸೊಸೈಟಿ ಮನೋಸಾಮಾಜಿಕ ಪುನರ್ವಸತಿಗೆಂದೇ ಸ್ನಾತಕೋತ್ತರ ಕೋರ್ಸ್ ನಡೆಸಿಕೊಂಡು ಬಂದಿದೆ. ಅಲ್ಲಿ ಕಲಿತು ಬಂದವರ ಕೆಲಸ ನೋಡಿದ್ದೇನೆ, ಗೌರವ ಇದೆ. ಆದರೆ ಜಿಲ್ಲೆಯ ಡೇ ಕೇರ್‌ಗಳಲ್ಲಿ ಪೂರ್ತಿ ದಿನ ಈ ಜನರ ಜೊತೆ ಇರುವವರು ಪಿಯುಸಿ ಮುಗಿಸಿದವರು, ಎಸ್ಸೆಸ್ಸೆಲ್ಸಿಗೆ ನಿಂತವರು. ಅವರಿಗೆ ಆ ಬಾಗಿಲು ತೆರೆದಿಲ್ಲ. ಅಂಥವರು ಈ ಕೆಲಸ ಮಾಡಬಲ್ಲರೇ ಎಂದು ಅನುಮಾನಿಸುವವರಿಗೆ ಉತ್ತರ ಬಂದು ವರ್ಷಗಳೇ ಆದವು. ತಮಿಳುನಾಡು, ಗೋವಾ, ಮಹಾರಾಷ್ಟ್ರದ ಸತಾರಾದಲ್ಲಿ 282 ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ಮಾಡಿದ ಕಾಪ್ಸಿ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರು ಮನೆಗೆ ಹೋಗಿ ನೋಡಿಕೊಂಡವರಲ್ಲಿ, ಬರೀ ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಲಕ್ಷಣಗಳೂ ಅಸಾಮರ್ಥ್ಯವೂ ಸ್ವಲ್ಪ ಹೆಚ್ಚು ಇಳಿದಿದ್ದವು. ಪವಾಡವೇನಲ್ಲ, ಸ್ವಲ್ಪವೇ. ಈ ಕೆಲಸದಲ್ಲಿ ಇರುವವರಿಗೆ ಆ ಸ್ವಲ್ಪದ ಬೆಲೆ ಗೊತ್ತು. ಇನ್ನೊಂದು ಮಾತು, ಆ ಕಾರ್ಯಕರ್ತರನ್ನು ತರಬೇತಿ ಕೊಟ್ಟು ಕೈಬಿಡಲಿಲ್ಲ, ಮೇಲೆ ನೋಡಿಕೊಳ್ಳುವವರು ಇದ್ದರು. ನಮ್ಮಲ್ಲಿ ಸರ್ಟಿಫಿಕೇಟು, ಗ್ರೂಪ್ ಫೋಟೋ ಆದ ಮೇಲೆ ಯಾರೂ ಇತ್ತ ತಲೆ ಹಾಕುವುದಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಜಾರಿಗೆ ಬಂದದ್ದು 2018ರಲ್ಲಿ. ಆಸ್ಪತ್ರೆ ಬಿಟ್ಟ ಮೇಲೆ ಸ್ವಂತ ಬದುಕಿಗೆ ಮರಳುವ ಮುನ್ನ ಇರಲು ಹಾಫ್‌ವೇ ಹೋಮ್, ಸಮುದಾಯದಲ್ಲೇ ಪುನರ್ವಸತಿ ಎಲ್ಲವೂ ಅದರಲ್ಲಿ ಇದೆ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರನ್ನು ಹತ್ತು ವರ್ಷದೊಳಗೆ ಒದಗಿಸಲು ಸರ್ಕಾರ ಪ್ರಯತ್ನಿಸಬೇಕು ಅಂತಲೂ ಇದೆ. ಅಂದರೆ 2028. ಆದರೆ ಆ ವೃತ್ತಿಪರರ ಲೆಕ್ಕದಲ್ಲಿ ನಮ್ಮ ಆಯಾ ಬರುವುದಿಲ್ಲ.

ನನ್ನ ಬೇಡಿಕೆ ದೊಡ್ಡದಲ್ಲ. ತರಬೇತಿ ಕನ್ನಡದಲ್ಲಿ ಆಗಲಿ. ಹೋಟೆಲ್ ಹಾಲ್‌ನಲ್ಲಿ ಒಂದು ದಿನ ಮಾಡುವ ಬದಲು ಒಳ್ಳೆಯ ಕೇಂದ್ರವೊಂದರಲ್ಲಿ ಹದಿನೈದು ದಿನ ಜೊತೆಗಿದ್ದು ಕಲಿಯುವಂತಾಗಲಿ. ಆಮೇಲೆ ಸಂಶಯ ಬಂದಾಗ ಫೋನ್ ಮಾಡಿ ಕೇಳಲು ಒಬ್ಬರು ಇರಲಿ. ಪಾಠ ಬರೆಯಲು ಕೂರುವಾಗ ಹತ್ತಾರು ವರ್ಷ ಈ ಕೆಲಸ ಮಾಡಿದ ಆಯಾಗಳನ್ನು ಕರೆದು ಕೂರಿಸಿಕೊಳ್ಳಿ, ಅವರಿಗೆ ಅದಕ್ಕೆ ಸಂಬಳವನ್ನೂ ಕೊಡಿ.

ಆ ನೋಟ್‌ಬುಕ್ಕನ್ನು ನಾನು ಆಯಾ ಹತ್ತಿರ ಕೇಳಿ ಇಸಿದುಕೊಂಡೆ. ಈಗ ಮಧ್ಯಾಹ್ನ ಊಟವಾದ ಮೇಲೆ ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಹೊಸ ಹುಡುಗನ ಸ್ನಾನದ ವಿಷಯ ಮೂರನೆಯ ಪುಟದಲ್ಲಿದೆ. "ಸ್ನಾನ ಮಾಡು ಅಂತ ಹೇಳ್ಬಾರ್ದು ಮೇಡಂ. ಮೊದ್ಲೇ ನೀರು ಕಾಯ್ಸಿ, ಬಕೆಟ್ ತುಂಬ್ಸಿ, ಟವೆಲ್ ಬಾಗಿಲ ಮೇಲೆ ಹಾಕಿರ್ಬೇಕು. ಆಮೇಲೆ ಹೋಗಿ, 'ನೀರು ಆರ್ತಾ ಐತೆ ಕಣಪ್ಪಾ' ಅನ್ನಬೇಕು. ನಿನ್ನೆ ಎದ್ದು ಬಂದ."